ಸೊರಗಿದ ಹ್ಯಾಂಡ್‌ಹೆಲ್ಡ್‌ಗೆ ಹೊಸ ಗೇಮ್ ಸರಣಿ ಕಟ್ಟುವುದು ಹೇಗೆ? ವಿಟಾವನ್ನೇ ಮುಂದಿಟ್ಟುಕೊಂಡು ಮಾತಾಡೋಣ

ಕಾರ್ಟ್ರಿಡ್ಜ್_ಧೂಳು

ಸೋನಿಯ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ (ಹ್ಯಾಂಡ್‌ಹೆಲ್ಡ್) ಪಿಎಸ್ ವಿಟಾ ಯಾಕೆ ಸೋತಿತು ಅಂತ ಕೇಳಿದರೆ ಸಿಗೋದು ಎರಡೇ ಉತ್ತರ. ಮೆಮೊರಿ ಕಾರ್ಡ್ ದುಬಾರಿ, ನಾಲ್ವರು ಸೇರಿ ದೊಡ್ಡ ಪ್ರಾಣಿ ಬೇಟೆಯಾಡುವ ಮಾನ್‌ಸ್ಟರ್ ಹಂಟರ್ ಬರಲಿಲ್ಲ. ಎರಡೂ ನಿಜವೇ. ಆದರೆ ಸೋನಿ ಕೈಕಟ್ಟಿ ಕೂತಿರಲಿಲ್ಲ ಅನ್ನೋದನ್ನು ಎಲ್ಲರೂ ಮರೆಯುತ್ತಾರೆ. ಗ್ರ್ಯಾವಿಟಿ ರಶ್ (2012), ಸೋಲ್ ಸ್ಯಾಕ್ರಿಫೈಸ್ (2013), ಟೇರ್‌ಅವೇ (2013), ಫ್ರೀಡಂ ವಾರ್ಸ್ (2014). ನಾಲ್ಕೂ ಹೊಸ ಹೆಸರು, ನಾಲ್ಕೂ ವಿಟಾಗೆಂದೇ ಬಿಡುಗಡೆಯಾದವು.

ಆಮೇಲೆ ಏನಾಯಿತು ನೋಡಿ. ಗ್ರ್ಯಾವಿಟಿ ರಶ್ 2 ಬಂದದ್ದು 2017ರ ಜನವರಿಯಲ್ಲಿ, ಅದೂ ಟಿವಿಗೆ ಜೋಡಿಸುವ ಪಿಎಸ್4ಗೆ ಮಾತ್ರ. ಟೇರ್‌ಅವೇಯನ್ನು 2015ರಲ್ಲಿ ಪಿಎಸ್4ಗೆ ಹೊಸದಾಗಿ ಕಟ್ಟಿದರು. ಸೋಲ್ ಸ್ಯಾಕ್ರಿಫೈಸ್‌ಗೆ 2014ರಲ್ಲಿ ಡೆಲ್ಟಾ ಎಂಬ ವಿಸ್ತರಿಸಿದ ಆವೃತ್ತಿ ಬಂತು, ಕಥೆ ಅಲ್ಲಿಗೇ ಮುಗಿಯಿತು. ಫ್ರೀಡಂ ವಾರ್ಸ್ ರೀಮಾಸ್ಟರ್ ಆಗಿ ಮತ್ತೆ ಕಣ್ಣಿಗೆ ಬಿದ್ದದ್ದು 2025ರ ಜನವರಿಯಲ್ಲಿ, ಬೇರೆ ಯಂತ್ರಗಳ ಮೇಲೆ. ಅಂದರೆ ವಿಟಾದಲ್ಲಿ ಹೊಸ ಆಟಗಳು ಹುಟ್ಟಿದವು, ಸರಣಿ ಒಂದೂ ಬೆಳೆಯಲಿಲ್ಲ.

ಪ್ರಶ್ನೆ ಇದು: ಮೂರು ವರ್ಷ, ಕೈಹಿಡಿತದ ಹಣ, ನಿಧಾನವಾಗಿ ಮಾರಾಟವಾಗುತ್ತಿರುವ ಒಂದು ಹ್ಯಾಂಡ್‌ಹೆಲ್ಡ್. ಯಾವ ಬಗೆಯ ಸರಣಿಗೆ ಕೈ ಹಾಕುತ್ತೀರಿ, ಯಾವ ಕ್ರಮದಲ್ಲಿ? "ಇನ್ನೊಂದು ಅನ್‌ಚಾರ್ಟೆಡ್ ಮಾಡಬೇಕಿತ್ತು" ಅನ್ನೋ ಉತ್ತರ ದಯವಿಟ್ಟು ಬೇಡ.

ಲೆಕ್ಕಪುಸ್ತಕ

ಮೊದಲು ಹಣದ ಮಾತು ಮುಗಿಸಿಬಿಡೋಣ. ಕೆಳಗಿನದು ಯಾವುದೇ ಕಂಪನಿಯ ನಿಜ ಲೆಕ್ಕವಲ್ಲ, ಬರೀ ಉದಾಹರಣೆ.

ಕನ್ಸೋಲ್ 40 ಲಕ್ಷ ಜನರ ಕೈಯಲ್ಲಿದೆ ಅಂದುಕೊಳ್ಳಿ. ಯಾರೂ ಕೇಳಿರದ ಹೆಸರಿನ ಆಟವನ್ನು ಅವರಲ್ಲಿ ನೂರಕ್ಕೆ 5 ಜನ ಕೊಂಡರೆ 2 ಲಕ್ಷ ಪ್ರತಿ. ಬೆಲೆ 40 ಡಾಲರ್, ಅಂಗಡಿಯ ಪಾಲು, ಕಾರ್ಡ್ ತಯಾರಿಕೆ, ರಿಯಾಯಿತಿ ಎಲ್ಲ ಕಳೆದು ಪ್ರಕಾಶಕರಿಗೆ ಉಳಿಯೋದು 20 ಅಂದುಕೊಂಡರೆ ಒಟ್ಟು 40 ಲಕ್ಷ ಡಾಲರ್. ಈಗ ಖರ್ಚು: 25 ಜನ, 18 ತಿಂಗಳು, ಅಂದರೆ 450 ಮಾನವ-ತಿಂಗಳು. ತಿಂಗಳಿಗೆ ತಲಾ 9,000 ಡಾಲರ್ ಹಿಡಿದರೆ 40.5 ಲಕ್ಷ. ಜಾಹೀರಾತಿಗೆ ಒಂದು ಕಾಸೂ ಖರ್ಚು ಮಾಡುವ ಮೊದಲೇ 50 ಸಾವಿರ ನಷ್ಟ.

ಎರಡನೇ ಆಟದ ಲೆಕ್ಕ ಬೇರೆ. ಎಂಜಿನ್ ಇದೆ, ಪಾತ್ರಗಳ ಮಾದರಿಗಳಿವೆ, ಮೆನು ಇದೆ. 20 ಜನ, 12 ತಿಂಗಳು ಸಾಕು: 240 ಮಾನವ-ತಿಂಗಳು, 21.6 ಲಕ್ಷ ಡಾಲರ್. ಅಷ್ಟರಲ್ಲಿ ಕನ್ಸೋಲ್ 60 ಲಕ್ಷ ಮುಟ್ಟಿ, ನೂರಕ್ಕೆ 6 ಜನ ಕೊಂಡರೆ 3.6 ಲಕ್ಷ ಪ್ರತಿ, 72 ಲಕ್ಷ ಆದಾಯ. ಲಾಭ ಹುಟ್ಟುವುದು ಇಲ್ಲಿ. ಮೊದಲ ಆಟ ಬೀಜದ ಖರ್ಚು, ಬೆಳೆ ಬರೋದು ಎರಡನೆಯದರಲ್ಲಿ.

ಗ್ರ್ಯಾವಿಟಿ ರಶ್‌ನ ಎರಡನೇ ಭಾಗವನ್ನು ಬೇರೆ ಯಂತ್ರಕ್ಕೆ ಒಯ್ದದ್ದು ಆ ಆಟದ ದೃಷ್ಟಿಯಿಂದ ಸರಿಯಿರಬಹುದು. ವಿಟಾದ ದೃಷ್ಟಿಯಿಂದ ಅದು ಉತ್ತ ಹೊಲವನ್ನು ಬಿತ್ತದೆ ಬಿಟ್ಟ ಹಾಗೆ.

ಹಳೇ_ಬಾಟಲಿ

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಹೊಸ ಹೆಸರೇ ಯಾಕೆ ಬೇಕು ಅಂತ ನನಗೆ ಅರ್ಥವಾಗಲಿಲ್ಲ. ನಿಂಟೆಂಡೊದ ಹ್ಯಾಂಡ್‌ಹೆಲ್ಡ್ 3ಡಿಎಸ್ ಕೂಡ ಮುಗ್ಗರಿಸಿತ್ತು. 2011ರ ಫೆಬ್ರವರಿಯಲ್ಲಿ ಜಪಾನಿನಲ್ಲಿ 25,000 ಯೆನ್‌ಗೆ ಬಂತು, ಆರು ತಿಂಗಳೂ ತುಂಬುವ ಮೊದಲೇ ಆಗಸ್ಟ್‌ನಲ್ಲಿ 15,000ಕ್ಕೆ ಇಳಿಸಿದರು. ಅಮೆರಿಕದಲ್ಲಿ 249.99 ಇದ್ದದ್ದು 169.99 ಡಾಲರ್ ಆಯಿತು. ಮೊದಲೇ ಕೊಂಡವರ ಸಿಟ್ಟು ಶಮನವಾಗಲಿ ಅಂತ 20 ಹಳೆಯ ಆಟ ಪುಕ್ಕಟೆ ಕೊಟ್ಟರು. ಅದಾದ ಮೇಲೆ ಯಂತ್ರವನ್ನು ಎತ್ತಿದ್ದು ಯಾರು? ನವೆಂಬರ್‌ನಲ್ಲಿ ಸೂಪರ್ ಮಾರಿಯೊ 3ಡಿ ಲ್ಯಾಂಡ್, ಡಿಸೆಂಬರ್‌ನಲ್ಲಿ ಮಾರಿಯೊ ಕಾರ್ಟ್ 7 ಮತ್ತು ಮಾನ್‌ಸ್ಟರ್ ಹಂಟರ್ ಟ್ರೈ ಜಿ. ಒಂದೂ ಹೊಸದಲ್ಲ.

ಯುದ್ಧತಂತ್ರದ ಆಟ ಫೈರ್ ಎಂಬ್ಲೆಂ ಅವೇಕನಿಂಗ್ (2012) ಅಂತೂ ಪಾಠಪುಸ್ತಕ. ಎರಡೂವರೆ ಲಕ್ಷ ಪ್ರತಿ ಮಾರದಿದ್ದರೆ ಸರಣಿಯೇ ಕೊನೆ ಅನ್ನೋ ಸ್ಥಿತಿಯಲ್ಲಿ ಮಾಡಿದ ಆಟ ಅದು. ಸತ್ತ ಪಾತ್ರ ಮರಳಿ ಬರುವ ಕ್ಯಾಶುಯಲ್ ಮೋಡ್ ಮುಂದಿಟ್ಟರು, ಪಾತ್ರಗಳ ಮದುವೆ, ಮಕ್ಕಳು ಅಂತ ಸೇರಿಸಿದರು, ಸರಣಿ ಬದುಕಿತು. ಗೊತ್ತಿರುವ ಹೆಸರಿಗೆ ಹೊಸ ಬಾಗಿಲು ಇಡುವುದು ಹೊಸ ಮನೆ ಕಟ್ಟುವುದಕ್ಕಿಂತ ಅಗ್ಗ.

ಕಾರ್ಟ್ರಿಡ್ಜ್_ಧೂಳು

@ಹಳೇ_ಬಾಟಲಿ, ಮಾರಿಯೊ ಇದ್ದವರಿಗೆ ಆ ದಾರಿ. ವಿಟಾದ ಗೊತ್ತಿರುವ ಹೆಸರುಗಳೆಲ್ಲ ದೊಡ್ಡ ಟಿವಿಯ ಮೇಲೆ ಬೆಳೆದವು. ಅನ್‌ಚಾರ್ಟೆಡ್, ರೆಸಿಸ್ಟೆನ್ಸ್, ಕಿಲ್‌ಝೋನ್, ಕಾಲ್ ಆಫ್ ಡ್ಯೂಟಿ. ಅವನ್ನು 5 ಇಂಚಿಗೆ ತಂದಾಗ ಜನ ಕೇಳೋದು ಒಂದೇ ಪ್ರಶ್ನೆ: ಮನೆಯಲ್ಲಿ ಪಿಎಸ್3 ಇರುವಾಗ ಇದು ಯಾಕೆ? ಕಿಲ್‌ಝೋನ್ ಮರ್ಸಿನರಿ ಒಳ್ಳೆಯ ಆಟ, ಅಲ್ಲಗಳೆಯೋದಿಲ್ಲ. ಆದರೆ ಅದರ ಹೊಗಳಿಕೆ ಶುರುವಾಗೋದೇ "ಹ್ಯಾಂಡ್‌ಹೆಲ್ಡ್ ಆದರೂ" ಅಂತ.

ಕೈಯಲ್ಲೇ ಹುಟ್ಟಿದ ಎರಡು ಹೆಸರು, ಪಟಾಪಾನ್ ಮತ್ತು ಲೋಕೊರೊಕೊ, ಸೋನಿಯ ಬಳಿಯೇ ಇದ್ದವು. ಎರಡೂ ವಿಟಾಗಿಂತ ಹಿಂದಿನ ಹ್ಯಾಂಡ್‌ಹೆಲ್ಡ್ ಪಿಎಸ್‌ಪಿಯ ಜೊತೆಗೇ ನಿಂತವು. ವಿಟಾಗೆ ಒಂದೂ ಹೊಸ ಭಾಗ ಬರಲಿಲ್ಲ. ನಿಮ್ಮ ವಾದವನ್ನೇ ಹಿಡಿದರೂ ಇದಕ್ಕೆ ಕ್ಷಮೆಯಿಲ್ಲ.

ಇನ್ನು ಹೊಸ ಹೆಸರು ಹಳೆಯ ಯಂತ್ರವನ್ನು ಎತ್ತಿದ ಉದಾಹರಣೆ ಬೇಕೇ? ಗೇಮ್ ಬಾಯ್ ಬಂದದ್ದು 1989ರಲ್ಲಿ. ಪೊಕೆಮಾನ್ ರೆಡ್ ಮತ್ತು ಗ್ರೀನ್ ಬಂದದ್ದು 1996ರ ಫೆಬ್ರವರಿ 27ರಂದು. ಏಳು ವರ್ಷ ಹಳೆಯ ಕಪ್ಪು-ಬಿಳುಪು ಯಂತ್ರ, ಎಲ್ಲರೂ ಮುಗಿಯಿತು ಅಂದುಕೊಂಡಿದ್ದರು.

ಅಡ್‌ಹಾಕ್_ನಾಲ್ವರು

ಪೊಕೆಮಾನ್ ವಿಷಯ ಬಂತಲ್ಲ, ಅದರ ಒಳಗಿನ ಯಂತ್ರ ನೋಡಬೇಕು. ಎರಡು ಗೇಮ್ ಬಾಯ್ ಜೋಡಿಸುವ ಲಿಂಕ್ ಕೇಬಲ್ 1989ರಿಂದಲೇ ಇತ್ತು, ಹೆಚ್ಚಾಗಿ ಎದುರುಬದುರು ಪಂದ್ಯಕ್ಕೆ ಬಳಸುತ್ತಿದ್ದರು. ಪೊಕೆಮಾನ್ ಅದನ್ನು ವಿನಿಮಯಕ್ಕೆ ತಿರುಗಿಸಿತು. ಎರಡು ಆವೃತ್ತಿ ಮಾಡಿ, ಕೆಲವು ಪ್ರಾಣಿಗಳನ್ನು ಒಂದರಲ್ಲಿ ಮಾತ್ರ ಇಟ್ಟು, ಇನ್ನು ಕೆಲವು ಕೈ ಬದಲಾದರೆ ಮಾತ್ರ ರೂಪ ಬದಲಿಸುವಂತೆ ಮಾಡಿದರು. ಹೀಗಾಗಿ ಆಟ ಮುಗಿಸಬೇಕಾದರೆ ಗೆಳೆಯನ ಬಳಿಯೂ ಯಂತ್ರ ಇರಲೇಬೇಕು. ಆಟಗಾರನೇ ಕನ್ಸೋಲ್ ಮಾರುವವನಾದ. ಹ್ಯಾಂಡ್‌ಹೆಲ್ಡ್ ಉಳಿಸುವ ಸರಣಿಗೆ ನನ್ನ ಮೊದಲ ಪರೀಕ್ಷೆ ಇದೇ: ಒಬ್ಬ ಕೊಂಡರೆ ಇನ್ನೊಬ್ಬ ಕೊಳ್ಳಲು ಕಾರಣ ಹುಟ್ಟುತ್ತದೆಯೇ?

ಗ್ರ್ಯಾವಿಟಿ ರಶ್, ಟೇರ್‌ಅವೇ ಎರಡೂ ಇದರಲ್ಲಿ ಫೇಲು. ಸುಂದರ, ಒಂಟಿ ಆಟಗಳು. ಗುಂಪಾಗಿ ಬೇಟೆಯಾಡುವ ಸೋಲ್ ಸ್ಯಾಕ್ರಿಫೈಸ್, ಫ್ರೀಡಂ ವಾರ್ಸ್ ಪಾಸು, ಆದರೆ ತಡವಾಗಿ ಬಂದವು. ಮಾನ್‌ಸ್ಟರ್ ಹಂಟರ್ ಪೋರ್ಟಬಲ್ 3ರ್ಡ್ 2010ರ ಡಿಸೆಂಬರ್‌ನಲ್ಲಿ ಪಿಎಸ್‌ಪಿಗೆ ಬಂದು ಜಪಾನಿನಲ್ಲಿ 40 ಲಕ್ಷ ದಾಟಿತ್ತು. ಅದರ ಮುಂದಿನ ನಿಲ್ದಾಣ 3ಡಿಎಸ್ ಅಂತ ಗೊತ್ತಾದದ್ದು 2011ರಲ್ಲಿ, ವಿಟಾ ಅಂಗಡಿಗೆ ಬರುವ ಮೊದಲೇ. ಸೋಲ್ ಸ್ಯಾಕ್ರಿಫೈಸ್ ಬರುವಷ್ಟರಲ್ಲಿ 2013ರ ಮಾರ್ಚ್. ಬೇಟೆಯ ಗುಂಪುಗಳೆಲ್ಲ ಹದಿನೈದು ತಿಂಗಳು ಮೊದಲೇ ಬೇರೆ ಯಂತ್ರ ಕೊಂಡಾಗಿತ್ತು. ಗುಂಪು ಒಮ್ಮೆ ಒಂದು ಯಂತ್ರಕ್ಕೆ ಹೋದರೆ ಅದರಲ್ಲಿ ಒಬ್ಬನನ್ನು ಒಲಿಸಿ ಪ್ರಯೋಜನವಿಲ್ಲ, ನಾಲ್ವರನ್ನೂ ಒಟ್ಟಿಗೆ ಎಳೆಯಬೇಕು.

ಅದಕ್ಕೊಂದು ಉಪಾಯ ಇದೆ: ಒಂದು ಪ್ರತಿಯಿಂದ ನಾಲ್ವರು ಆಡುವ ಅವಕಾಶ. 3ಡಿಎಸ್‌ಗಿಂತ ಹಿಂದಿನ ಡಿಎಸ್‌ನಲ್ಲಿ ಡೌನ್‌ಲೋಡ್ ಪ್ಲೇ ಅಂತ ಇತ್ತಲ್ಲ, ಒಬ್ಬನ ಕಾರ್ಟ್ರಿಡ್ಜ್‌ನಿಂದ ಸುತ್ತಲಿನವರು ತಾತ್ಕಾಲಿಕವಾಗಿ ಆಡಬಹುದಿತ್ತು. ಬೇಟೆ ಆಟದ ಮೊದಲ ಮೂರು ಕಾರ್ಯಾಚರಣೆಗಳನ್ನು ಹೀಗೆ ಬಿಟ್ಟುಕೊಡಿ, ಅಲ್ಲಿ ಗಳಿಸಿದ್ದು ಪೂರ್ತಿ ಆಟ ಕೊಂಡಾಗ ಉಳಿಯಲಿ.

ಫ್ರೇಮ್_30

ಬೇಟೆ ಆಟ ಮಾಡೋಣ ಅನ್ನೋದು ಸುಲಭ. ಕೆಲಸದ ಪ್ರಮಾಣ ಹೇಳುತ್ತೇನೆ.

ಅಂಥ ಆಟ ಮೊದಲ ಬಾರಿ ಬಾಯಿಗೆ ರುಚಿಸಬೇಕಾದರೆ ಕನಿಷ್ಠ 12ರಿಂದ 15 ಮೂಲ ಅಸ್ಥಿಪಂಜರ (ಪ್ರಾಣಿಯ ಚಲನೆಯ ಚೌಕಟ್ಟು), ಅವುಗಳ ಮೇಲೆ ಬಣ್ಣ, ಕೊಂಬು, ದಾಳಿ ಬದಲಿಸಿ 30 ಪ್ರಾಣಿ, 6 ನಕ್ಷೆ, 8 ಬಗೆಯ ಆಯುಧ ಬೇಕು. ಒಂದು ದೊಡ್ಡ ಪ್ರಾಣಿಗೆ ನಡೆ, ತಿರುವು, ದಾಳಿ, ಗಾಯ, ಸಾವು ಎಲ್ಲ ಸೇರಿ 60ರಿಂದ 80 ಅನಿಮೇಶನ್. ಅನುಭವಿ ಅನಿಮೇಟರ್ ದಿನಕ್ಕೆ ಎರಡು ಮುಗಿಸಿದರೂ ಒಂದು ಪ್ರಾಣಿಗೆ 30ರಿಂದ 40 ಕೆಲಸದ ದಿನ. 15 ಅಸ್ಥಿಪಂಜರಕ್ಕೆ ಸುಮಾರು 500 ದಿನ. ಹಾಗಾಗಿ @ಲೆಕ್ಕಪುಸ್ತಕ ಹೇಳಿದ 25 ಜನರಲ್ಲಿ ಕನಿಷ್ಠ 4 ಅನಿಮೇಟರ್ ಇರಲೇಬೇಕು. ಇಲ್ಲಿ ಉಳಿಸಲು ಹೋದವರ ಪ್ರಾಣಿಗಳೆಲ್ಲ ಒಂದೇ ಥರ ಹಾರಿ ಒಂದೇ ಥರ ಬೀಳುತ್ತವೆ.

ಇನ್ನು ಯಂತ್ರ. ವಿಟಾದ ಪ್ರೊಸೆಸರ್ ನಾಲ್ಕು ಕೋರ್‌ನ ಕಾರ್ಟೆಕ್ಸ್-ಎ9, ಆಟಕ್ಕೆ ಸಿಗೋದು ಮೂರು. 512 ಎಂಬಿ ರ್‍ಯಾಮ್‌ನಲ್ಲಿ ಸಿಸ್ಟಂ ತನ್ನ ಪಾಲು ಇಟ್ಟುಕೊಳ್ಳುತ್ತದೆ, ಗ್ರಾಫಿಕ್ಸ್‌ಗೆ ಬೇರೆ 128 ಎಂಬಿ. ಪರದೆ 960×544. ಲಾಂಚ್ ದಿನದ ಅನ್‌ಚಾರ್ಟೆಡ್ ಗೋಲ್ಡನ್ ಅಬಿಸ್ ಕೂಡ ಒಳಗೆ 720×408ರಲ್ಲಿ ಚಿತ್ರ ಬಿಡಿಸಿ ದೊಡ್ಡದು ಮಾಡುತ್ತಿತ್ತು, ಅಂದರೆ ಪರದೆಯ ಪಿಕ್ಸೆಲ್‌ಗಳಲ್ಲಿ ಶೇ. 56 ಮಾತ್ರ. ನಾಲ್ಕು ಆಟಗಾರರು, ಒಂದು ದೊಡ್ಡ ಪ್ರಾಣಿ ಇರುವ ಆಟಕ್ಕೆ 30 ಫ್ರೇಮ್, ಅಂದರೆ ಫ್ರೇಮಿಗೆ 33 ಮಿಲಿಸೆಕೆಂಡ್ ಅಂತ ಮೊದಲ ದಿನವೇ ಗೆರೆ ಎಳೆಯಬೇಕು. ಚಿತ್ರವೆಲ್ಲ ತ್ರಿಕೋನಗಳಿಂದ ಕಟ್ಟಿದ್ದು: ಪ್ರಾಣಿಗೆ 12,000 ತ್ರಿಕೋನ, ಆಟಗಾರನಿಗೆ ತಲಾ 4,000, ನೆಲ-ಬಂಡೆ-ಮರಕ್ಕೆ 40,000. ಒಟ್ಟು 68,000, ಇದು ಧಾರಾಳ ನಡೆಯುತ್ತದೆ. ಮೇಲ್ಮೈಗೆ ಅಂಟಿಸುವ 1024×1024ರ ಚಿತ್ರವನ್ನು (ಟೆಕ್ಸ್ಚರ್) ಪಿಕ್ಸೆಲ್‌ಗೆ 4 ಬಿಟ್ ಲೆಕ್ಕದಲ್ಲಿ ಕುಗ್ಗಿಸಿದರೆ 512 ಕೆಬಿ, ದೂರದ ನೋಟಕ್ಕೆ ಬಳಸುವ ಚಿಕ್ಕ ಪ್ರತಿಗಳೂ ಸೇರಿ 683 ಕೆಬಿ. ಅದೂ ತೊಂದರೆಯಲ್ಲ.

ತೊಂದರೆ ಎಲ್ಲಿ ಅಂದರೆ ಹುಲ್ಲಿನಲ್ಲಿ. ವಿಟಾದ ಪವರ್‌ವಿಆರ್ ಗ್ರಾಫಿಕ್ಸ್ ಚಿಪ್ ಪರದೆಯನ್ನು ಚಿಕ್ಕ ಚೌಕಗಳಾಗಿ ಕತ್ತರಿಸಿ, ಮರೆಯಾದ ಮೇಲ್ಮೈಗಳನ್ನು ಮೊದಲೇ ಬಿಟ್ಟು ಕೆಲಸ ಉಳಿಸುತ್ತದೆ. ತೂತುಗಳಿರುವ ಎಲೆ, ಹುಲ್ಲು, ಹೊಗೆ ಬಂದ ತಕ್ಷಣ ಆ ಉಳಿತಾಯ ಸಾಯುತ್ತದೆ, ಯಾವ ಪಿಕ್ಸೆಲ್ ಕಾಣುತ್ತದೆ ಅನ್ನೋದು ಲೆಕ್ಕ ಮುಗಿಯೋವರೆಗೆ ಅದಕ್ಕೇ ಗೊತ್ತಾಗೋದಿಲ್ಲ. ಬೆಂಕಿ ಉಗುಳುವ ಪ್ರಾಣಿ ಕ್ಯಾಮೆರಾಗೆ ಹತ್ತಿರ ಬಂದಾಗ ಫ್ರೇಮ್ 30ರಿಂದ 18ಕ್ಕೆ ಬಿದ್ದರೆ ಕಾರಣ ಹೆಚ್ಚಾಗಿ ಇದೇ. ಹೊಗೆಯನ್ನು ಕಾಲು ಗಾತ್ರದ ಬಫರಿನಲ್ಲಿ ಬಿಡಿಸಿ ಆಮೇಲೆ ಬೆರೆಸಿ. ಹುಲ್ಲಿಗೆ ತೂತಿನ ಟೆಕ್ಸ್ಚರ್ ಬದಲು ನಿಜವಾದ ತ್ರಿಕೋನದ ಎಸಳು ಹಾಕಿ, ಈ ಚಿಪ್‌ನಲ್ಲಿ ಅದೇ ಅಗ್ಗ.

ನೆಟ್‌ವರ್ಕ್: ಪ್ರಾಣಿ ಎಲ್ಲಿಗೆ ಹೋಗಬೇಕು ಅನ್ನೋದನ್ನು ಆಟದ ಕೋಣೆ (ನಾಲ್ವರು ಸೇರುವ ಗುಂಪು) ತೆರೆದವನ ಯಂತ್ರ ತೀರ್ಮಾನಿಸಲಿ. ಏಟು ತಗುಲಿತೇ ಅನ್ನೋದನ್ನು ಹೊಡೆದವನ ಯಂತ್ರವೇ ಹೇಳಲಿ, ತಾನು ಪೆಟ್ಟು ತಿಂದೆನೇ ಅನ್ನೋದನ್ನು ತಿಂದವನ ಯಂತ್ರ. ಎಲ್ಲವನ್ನೂ ಕೋಣೆ ತೆರೆದವನಿಗೆ (ಹೋಸ್ಟ್‌ಗೆ) ಕೇಳಲು ಹೋದರೆ ಕಣ್ಣೆದುರು ಕತ್ತಿ ತಗುಲಿದರೂ ರಕ್ತ ಕಾಣುವುದು ಒಂದು ಗಳಿಗೆ ತಡವಾಗಿ, ಆಟ ಮೆತ್ತಗೆ ಅನ್ನಿಸುತ್ತದೆ. ಮತ್ತೊಂದು, ಇದನ್ನು ಹ್ಯಾಂಡ್‌ಹೆಲ್ಡ್ ಮಾಡದವರು ಪ್ರತಿ ಸಲ ಮರೆಯುತ್ತಾರೆ: ಆಟಗಾರ ಪವರ್ ಬಟನ್ ಒತ್ತಿ ಯಂತ್ರ ಮಲಗಿಸುತ್ತಾನೆ, ವೈ-ಫೈ ಹೋಗುತ್ತದೆ, ಕೋಣೆ ಒಡೆಯುತ್ತದೆ. ಆತ ಎದ್ದು ಬರಲು 60 ಸೆಕೆಂಡ್ ಬಿಡಿ, ಅಷ್ಟರವರೆಗೆ ಅವನ ಪಾತ್ರವನ್ನು ಎಐ ನಡೆಸಲಿ. ಮಲಗಿಸಿದವನು ಹೋಸ್ಟೇ ಆಗಿದ್ದರೆ ಪ್ರಾಣಿಯ ಸ್ಥಿತಿ ಇನ್ನೊಬ್ಬನಿಗೆ ವರ್ಗವಾಗಬೇಕು. ಇದನ್ನು ಕೊನೆಗೆ ಸೇರಿಸಲು ಆಗದು, ಮೊದಲ ತಿಂಗಳೇ ಬರೆಯಬೇಕು.

ಹಳೇ_ಬಾಟಲಿ

ವಿಟಾದ ಹಿಂಬದಿಯ ಟಚ್‌ಪ್ಯಾಡ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲವಲ್ಲ. ಹೊಸ ಸರಣಿ ಅಂದರೆ ಅದನ್ನು ಬಳಸಲೇಬೇಕು ಅನ್ನೋ ಒತ್ತಡ ಬರುತ್ತದೆ.

ಫ್ರೇಮ್_30

ಟೇರ್‌ಅವೇ ಅದನ್ನು ಚೆನ್ನಾಗಿ ಬಳಸಿತು, ನಿಮ್ಮ ಬೆರಳು ಕಾಗದ ಹರಿದು ಒಳಗೆ ಬಂದ ಹಾಗೆ. ಆದರೆ ಆಟದ ಆತ್ಮವೇ ಯಂತ್ರದ ವಿಚಿತ್ರ ಅಂಗದಲ್ಲಿದ್ದರೆ ಸರಣಿ ಮುಂದೆ ಹೋಗೋದಿಲ್ಲ. ಪಿಎಸ್4ಗೆ ಒಯ್ಯುವಾಗ ಅದನ್ನು ಬಹುಮಟ್ಟಿಗೆ ಹೊಸದಾಗಿ ಯೋಚಿಸಬೇಕಾಯಿತು. 2013ರ ನವೆಂಬರ್‌ನಲ್ಲಿ ಬಂದ, ವಿಟಾ ಆಟಗಳನ್ನು ಟಿವಿಯಲ್ಲಿ ಆಡಿಸುವ ವಿಟಾ ಟಿವಿಗೆ ಟಚ್ ಇರಲೇ ಇಲ್ಲ, ಹಾಗಾಗಿ ವಿಟಾದ್ದೇ ಎಷ್ಟೋ ಆಟ ಅದರಲ್ಲಿ ಓಡಲಿಲ್ಲ. ಒಂದೇ ಮನೆಯ ಎರಡು ಯಂತ್ರ, ಆಟ ಬೇರೆ ಬೇರೆ!

ನನ್ನ ಕಟ್ಟಳೆ: ಟಚ್ ಬಳಸಿ, ಆದರೆ ಪ್ರತಿ ಟಚ್ ಕೆಲಸಕ್ಕೂ ಒಂದು ಬಟನ್ ದಾರಿ ಇರಲಿ. ಪಿಎಸ್3ರ ಎಲ್2, ಆರ್2 ಬಟನ್ ವಿಟಾದಲ್ಲಿ ಇಲ್ಲ ಅಂತ ಅವನ್ನು ಹಿಂಬದಿಗೆ ತಳ್ಳುವ ಪೋರ್ಟ್‌ಗಳಂತೂ (ಬೇರೆ ಯಂತ್ರದಿಂದ ತಂದ ಆಟಗಳು) ಶಿಕ್ಷೆ. ಬೆರಳುಗಳು ಸಹಜವಾಗಿ ಕೂರುವ ಜಾಗವೇ ಅದು, ಹಿಡಿತ ಬದಲಿಸಿದರೆ ಗ್ರೆನೇಡ್ ಹೋಗುತ್ತದೆ. ಹಿಂಬದಿ ಬೇಕೇ ಬೇಕಾದರೆ ಅಂಚಿನ ಒಂದು ಬೆರಳಗಲ ನಿಷ್ಕ್ರಿಯ ಮಾಡಿ ನಡುವಿನದ್ದನ್ನು ಮಾತ್ರ ಓದಿ.

ಅಕ್ಷರದ ಗಾತ್ರವೂ ಹೇಳಿಬಿಡುತ್ತೇನೆ. ಆ ಪರದೆಯಲ್ಲಿ ಇಂಚಿಗೆ 220 ಪಿಕ್ಸೆಲ್. 20 ಪಿಕ್ಸೆಲ್ ಎತ್ತರದ ಅಕ್ಷರ ಕಣ್ಣಿಗೆ 2.3 ಮಿಲಿಮೀಟರ್. ಅದಕ್ಕಿಂತ ಕೆಳಗೆ ಇಳಿಯಬೇಡಿ. ಟಿವಿಗೆ ಬರೆದ ಮೆನುವನ್ನು ಹಾಗೆಯೇ ಕುಗ್ಗಿಸಿದ ಆಟಗಳನ್ನು ಗುರುತಿಸಲು ಭೂತಗನ್ನಡಿ ಸಾಕು.

ಪದಕ_ಪೆಟ್ಟಿಗೆ

ನೀವೆಲ್ಲ ಆಟದ ಒಳಗೇ ಇದ್ದೀರಿ. ಹೊರಗಿನ ವೇಳಾಪಟ್ಟಿ ಇಲ್ಲದೆ ಹೊಸ ಹೆಸರು ನಿಲ್ಲೋದಿಲ್ಲ. ಯೋಕಾಯ್ ವಾಚ್ ನೋಡಿ. ಜಪಾನಿನಲ್ಲಿ 2013ರ ಜುಲೈ 11ಕ್ಕೆ 3ಡಿಎಸ್‌ಗೆ ಬಂತು. ಶುರು ಸಪ್ಪೆ. ಮಕ್ಕಳ ಮಾಸಿಕದಲ್ಲಿ ಮಾಂಗಾ ನಡೆಯುತ್ತಿತ್ತು, 2014ರ ಜನವರಿಯಲ್ಲಿ ಟಿವಿ ಅನಿಮೆ ಶುರುವಾಯಿತು, ಬಂಡಾಯ್‌ನ ಗಡಿಯಾರ ಮತ್ತು ಪದಕದ ಆಟಿಕೆ ಬಂದವು. ಆಗ ಆರು ತಿಂಗಳು ಹಳೆಯ ಆಟ ಮತ್ತೆ ಮೇಲೇರಿ ಹತ್ತು ಲಕ್ಷ ದಾಟಿತು. ಎರಡನೆಯದು 2014ರ ಜುಲೈ 10ಕ್ಕೆ, ಅದೇ ಯಂತ್ರಕ್ಕೆ, ಎರಡು ಆವೃತ್ತಿಯಾಗಿ. ಬೇಡಿಕೆ ಕುದಿಯುತ್ತಿದ್ದಾಗಲೇ ಸಿದ್ಧವಿತ್ತು, ಯಾಕೆಂದರೆ ಮೊದಲ ಆಟದ ಮಾರಾಟ ನೋಡಿಕೊಂಡು ಶುರು ಮಾಡಿದ್ದರೆ ಅದು ಒಂದು ವರ್ಷದಲ್ಲಿ ಬರುತ್ತಲೇ ಇರಲಿಲ್ಲ.

ಅದೇ ಕಂಪನಿ, ಲೆವೆಲ್-5, ಡಿಎಸ್‌ನಲ್ಲಿ ಪ್ರೊಫೆಸರ್ ಲೇಟನ್ ಅನ್ನು ಹೀಗೇ ಮಾಡಿತ್ತು: 2007ರ ಫೆಬ್ರವರಿ, 2007ರ ನವೆಂಬರ್, 2008ರ ನವೆಂಬರ್. 21 ತಿಂಗಳಲ್ಲಿ ಮೂರು ಆಟ. ಇದರಲ್ಲಿ ನನಗೆ ಬಹಳ ಹಿಡಿಸಿದ ಸಣ್ಣ ಜಾಣತನ, ವಾರಕ್ಕೊಂದು ಹೊಸ ಒಗಟನ್ನು ಪುಕ್ಕಟೆ ಡೌನ್‌ಲೋಡ್‌ಗೆ ಬಿಟ್ಟದ್ದು. ಒಗಟಿನ ಆಟ ಒಮ್ಮೆ ಮುಗಿದರೆ ಜನ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಕೊಟ್ಟುಬಿಡುತ್ತಾರೆ, ಆ ಪ್ರತಿ ಹೊಸ ಪ್ರತಿಯ ಮಾರಾಟ ತಿನ್ನುತ್ತದೆ. ವಾರದ ಒಗಟು ಬರುತ್ತಿರುವವರೆಗೆ ಕಾರ್ಟ್ರಿಡ್ಜ್ ಮನೆಯಲ್ಲೇ ಉಳಿಯುತ್ತದೆ. ಒಗಟು ಮೊದಲೇ ಬರೆದಿಟ್ಟದ್ದಾದರೆ ಖರ್ಚು ಹೆಚ್ಚುಕಡಿಮೆ ಸೊನ್ನೆ.

ತಪ್ಪಿದ್ದೂ ಹೇಳಬೇಕು. ಯೋಕಾಯ್ ವಾಚ್ ಅಮೆರಿಕ ತಲುಪಿದ್ದು 2015ರ ನವೆಂಬರ್‌ನಲ್ಲಿ, ಎರಡು ವರ್ಷಕ್ಕೂ ಹೆಚ್ಚು ತಡ. ಅಲ್ಲಿ ಆ ಬಿಸಿ ಹುಟ್ಟಲೇ ಇಲ್ಲ. ಸೋಲ್ ಸ್ಯಾಕ್ರಿಫೈಸ್ ಮಾತ್ರ ಎರಡು ತಿಂಗಳೊಳಗೆ ಭಾಷಾಂತರವಾಗಿ ಬಂತು, ಆ ಒಂದು ವಿಷಯದಲ್ಲಿ ಸೋನಿಗೆ ಪೂರ್ತಿ ಅಂಕ.

ಲೆಕ್ಕಪುಸ್ತಕ

ಮೆಮೊರಿ ಕಾರ್ಡ್ ವಿಷಯಕ್ಕೆ ನಾನು ಮತ್ತೆ ಬರಲೇಬೇಕು, ಯಾಕೆಂದರೆ ಹೊಸ ಹೆಸರಿಗೆ ಅದು ಹೆಚ್ಚು ನೋವು ಕೊಡುತ್ತದೆ. ಮೊದಲ ಮಾದರಿಯ ವಿಟಾದಲ್ಲಿ ಆಟಗಾರನಿಗೆ ಒಳ ಸಂಗ್ರಹವೇ ಇರಲಿಲ್ಲ. ಅಮೆರಿಕದಲ್ಲಿ 4 ಜಿಬಿ ಕಾರ್ಡ್ 20 ಡಾಲರ್, 32 ಜಿಬಿ 100 ಡಾಲರ್, ಮತ್ತು ಅದು ಸೋನಿಯದೇ ಆಕಾರ, ಬೇರೆ ಕಾರ್ಡ್ ಕೂರದು. 3ಡಿಎಸ್‌ನಲ್ಲಿ ಸಾಮಾನ್ಯ ಎಸ್‌ಡಿ ಕಾರ್ಡ್, 2 ಜಿಬಿಯದ್ದು ಪೆಟ್ಟಿಗೆಯಲ್ಲೇ.

ಇದರ ಪರಿಣಾಮ ಡಿಜಿಟಲ್ ಆಟದ ಮೇಲೆ. ಹೊಸ ಸರಣಿಯನ್ನು 15 ಡಾಲರ್‌ಗೆ ಡಿಜಿಟಲ್ ಆಗಿ ಬಿಟ್ಟು ಹೆಸರು ಹರಡೋಣ ಅನ್ನೋದು ಸರಿಯಾದ ಯೋಚನೆ. ಆದರೆ ಆಟ 1.5 ಜಿಬಿ ಇದ್ದರೆ 4 ಜಿಬಿ ಕಾರ್ಡಿನಲ್ಲಿ ಅದರ ಬಾಡಿಗೆಯೇ 7.5 ಡಾಲರ್. ಗೊತ್ತಿಲ್ಲದ ಆಟಕ್ಕೆ ಜಾಗ ಮಾಡಲು ಗೊತ್ತಿರುವ ಆಟ ಅಳಿಸಬೇಕು. ಯಾರು ಅಳಿಸುತ್ತಾರೆ? ಆದ್ದರಿಂದ ಹೊಸ ಡಿಜಿಟಲ್ ಸರಣಿಗೆ ಗಾತ್ರದ ಮಿತಿ 300 ಎಂಬಿ ಅಂತ ಒಪ್ಪಂದದಲ್ಲೇ ಬರೆಯಿರಿ. 2013ರ ತೆಳು ಮಾದರಿಯಲ್ಲಿ 1 ಜಿಬಿ ಒಳ ಸಂಗ್ರಹ ಬಂತು, ಅದರಲ್ಲಿ ಇಂಥ ಮೂರು ಆಟ ಕೂರುತ್ತವೆ. ಹೊಸ ಹೆಸರೊಂದನ್ನು ಅದರೊಳಗೆ ಕಾರ್ಖಾನೆಯಲ್ಲೇ ತುಂಬಿ ಕಳಿಸಬೇಕಿತ್ತು.

ಕಾರ್ಟ್ರಿಡ್ಜ್_ಧೂಳು

ಇಲ್ಲಿಯವರೆಗಿನದನ್ನು ಕೂಡಿಸಿ ನನ್ನ ಮೂರು ವರ್ಷದ ಪಟ್ಟಿ ಇಡುತ್ತೇನೆ, ಹೊಡೆಯಿರಿ.

ಲಾಂಚ್‌ಗೆ 18 ತಿಂಗಳು ಮೊದಲೇ ಬೇಟೆ ಆಟ ಶುರು, ಲಾಂಚ್ ಆಗಿ ನಾಲ್ಕು ತಿಂಗಳೊಳಗೆ ಅಂಗಡಿಗೆ. ಅದರ ಎರಡನೇ ಭಾಗಕ್ಕೆ ಮೊದಲನೆಯದು ಮುಗಿಯುವ ಮೂರು ತಿಂಗಳು ಮುಂಚೆಯೇ ಐದು ಜನ, ಬಿಡುಗಡೆಗೆ 14 ತಿಂಗಳ ಅಂತರ. ಪಕ್ಕದಲ್ಲಿ ಆರು ಜನರ ತಂಡಗಳು ಎರಡು, ತಲಾ ಒಂದು ಸಣ್ಣ ಡಿಜಿಟಲ್ ಸರಣಿ, 300 ಎಂಬಿ ಒಳಗೆ, ಒಂಬತ್ತು ತಿಂಗಳಿಗೊಂದು. ಜಪಾನಿನ ಗೇಮ್ ಕಂಪನಿ ಎಚ್‌ಎಎಲ್ ಲ್ಯಾಬೊರೇಟರಿ 3ಡಿಎಸ್‌ನಲ್ಲಿ ಬಾಕ್ಸ್‌ಬಾಯ್ (2015) ಮಾಡಿದ್ದು ಇದೇ ಅಳತೆಯಲ್ಲಿ: ಕಪ್ಪು-ಬಿಳುಪು ಚೌಕ, ಎರಡು ಕಾಲು, ಒಂದೇ ಉಪಾಯ. 3ಡಿಎಸ್ ಮುಗಿಯುವುದರೊಳಗೆ ಅದೇ ಯಂತ್ರದಲ್ಲಿ ಮೂರು ಭಾಗ ಬಂದವು. ಮೂರನೇ ವರ್ಷ ಒಂದು ದೊಡ್ಡ ಕಥೆಯ ಆಟ, ಗ್ರ್ಯಾವಿಟಿ ರಶ್ ಥರದ್ದು. ಅಂದರೆ ಸೋನಿಯ ಕ್ರಮ ತಲೆಕೆಳಗು: ಅವರು ಒಂಟಿ ಆಟ ಮೊದಲು, ಗುಂಪಿನ ಆಟ ಆಮೇಲೆ ಇಟ್ಟರು.

ಹಳೇ_ಬಾಟಲಿ

ಸರಿ ಸ್ವಾಮಿ, ಬಾಕ್ಸ್‌ಬಾಯ್‌ಗೆ ತಲೆಬಾಗಿದೆ. ಆದರೆ ಲಾಂಚ್‌ಗೆ 18 ತಿಂಗಳು ಮೊದಲು ಯಂತ್ರದ ಅಂತಿಮ ರೂಪವೇ ಸಿಕ್ಕಿರೋದಿಲ್ಲ. ಆಗ ಏನು ಮಾಡುತ್ತೀರಿ?

ಫ್ರೇಮ್_30

ಪಿಸಿಯಲ್ಲಿ ಮಾಡುತ್ತೀರಿ, ಪರದೆಯನ್ನು ಬಲವಂತವಾಗಿ 960×544ಕ್ಕೆ ಇಳಿಸಿ, ಮೆಮೊರಿಗೆ 256 ಎಂಬಿ ಬೀಗ ಹಾಕಿ. ಡೆವಲಪ್‌ಮೆಂಟ್ ಕಿಟ್ ಬಂದಾಗ ಮಿಕ್ಕಿದರೆ ಸಂತೋಷ. ಗ್ರ್ಯಾವಿಟಿ ರಶ್ ಕೂಡ ಮೂಲತಃ ಪಿಎಸ್3ಗೆ ಶುರುವಾಗಿ ವಿಟಾಗೆ ಬಂದದ್ದು, ದಾರಿ ಹೊಸದೇನಲ್ಲ. ಮೊದಲ ಆರು ತಿಂಗಳು ಚಿತ್ರ ಬೇಡ. ಬೂದು ಪೆಟ್ಟಿಗೆಯಂಥ ಒಂದು ಪ್ರಾಣಿ, ಒಂದು ಆಯುಧ, ನಾಲ್ಕು ಆಟಗಾರರು, 12 ನಿಮಿಷದ ಒಂದು ಬೇಟೆ. ತಂಡದವರು ಹೇಳದೆಯೇ ಎರಡನೇ ಸುತ್ತು ಶುರು ಮಾಡಿದರೆ ಮುಂದುವರಿಸಿ. ಇಲ್ಲವಾದರೆ ಅಲ್ಲೇ ನಿಲ್ಲಿಸಿ, ಆಗ ಹೋಗಿರೋದು 8 ಜನರ ಆರು ತಿಂಗಳು, 48 ಮಾನವ-ತಿಂಗಳು ಮಾತ್ರ.

ಅಡ್‌ಹಾಕ್_ನಾಲ್ವರು

ಪಟ್ಟಿಗೆ ಒಂದೇ ತಿದ್ದುಪಡಿ. ಹತ್ತಿರದವರ ಜೊತೆ ಆಟ ಜಪಾನಿನಲ್ಲಿ ಓಡಿತು, ಅಮೆರಿಕದಲ್ಲಿ ಅಷ್ಟಾಗಿ ಓಡಲಿಲ್ಲ. ನಾಲ್ಕು ಯಂತ್ರ ಒಂದೇ ಕಡೆ ಸೇರೋದೇ ಅಪರೂಪ. ಪಿಎಸ್‌ಪಿ ಕಾಲದಲ್ಲಿ ಹತ್ತಿರದ ಆಟವನ್ನು ಪಿಎಸ್3ರ ಅಡ್‌ಹಾಕ್ ಪಾರ್ಟಿ ಎಂಬ ಸೌಲಭ್ಯದ ಮೂಲಕ ಇಂಟರ್‌ನೆಟ್ ದಾಟಿಸಬೇಕಿತ್ತು. 3ಡಿಎಸ್‌ನ ಟ್ರೈ ಜಿಯಲ್ಲಿ ಇಂಟರ್‌ನೆಟ್ ಆಟ ಇರಲಿಲ್ಲ, 2013ರ ಮಾನ್‌ಸ್ಟರ್ ಹಂಟರ್ 4ರಲ್ಲಿ ಬಂತು. ನಿಮ್ಮ ಬೇಟೆ ಆಟಕ್ಕೆ ಮೊದಲ ದಿನದಿಂದಲೇ ಎರಡೂ ಇರಲಿ, ಮತ್ತು ಎರಡಕ್ಕೂ ಒಂದೇ ಕೋಣೆಯ ಪರದೆ. "ಹತ್ತಿರ" ಮತ್ತು "ದೂರ" ಅಂತ ಎರಡು ಮೆನು ಇಟ್ಟರೆ ಪಕ್ಕದಲ್ಲಿರುವ ಇಬ್ಬರು ದೂರದ ಇಬ್ಬರ ಜೊತೆ ಸೇರಲು ದಾರಿಯೇ ಇರೋದಿಲ್ಲ.